ಮೂರೂಮುಕ್ಕಾಲು ಇಂಚಿನ ಲೆಕ್ಕ

ಹೊಸೂರು ದಾಟಿ ರಾಯಕೋಟೆಯ ಕಡೆ ಹೊರಟರೆ ಮೈಸೂರಿನ ಎತ್ತರದ ಬಯಲು ಸ್ವಲ್ಪ ಸ್ವಲ್ಪವಾಗಿ ಮುಗಿಯುತ್ತ ಬರುತ್ತದೆ. ರಾಯಕೋಟೆಯ ದುರ್ಗದ ಬೆಟ್ಟದಾಚೆ ನೆಲ ಇಳಿದು ಬಾರಾಮಹಲ್ ಎಂಬ ಸೀಮೆಯ ತಗ್ಗು ಶುರುವಾಗುತ್ತದೆ. ಇವತ್ತು ಈ ಊರಿನ ಹೆಸರು ಟೊಮೆಟೊ ಮಂಡಿಯಿಂದಾಗಿ ಬೆಂಗಳೂರಿನವರೆಗೂ ಕೇಳಿಬರುತ್ತದೆ. ಇನ್ನೂರು ವರ್ಷದ ಹಿಂದೆ ಇದು ಘಟ್ಟದ ಬಾಗಿಲು. ಬಾಗಿಲು ಯಾರ ಕೈಲಿದೆಯೋ ದಾರಿ ಅವರದು. 1791ರಲ್ಲಿ ಮೇಜರ್ ಗೌಡಿಯ ಪಡೆ ಈ ದುರ್ಗವನ್ನು ಹಿಡಿಯಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲಿನ ಜೊತೆ ಇದೂ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. 1799ರ ಮಾರ್ಚ್ ಮೊದಲ ವಾರದಲ್ಲಿ ಜನರಲ್ ಹ್ಯಾರಿಸ್‌ನ ದಂಡು ಟಿಪ್ಪುವಿನ ಮೇಲೆ ಏರಿಹೋದದ್ದೂ ರಾಯಕೋಟೆಯ ಮೇಲಿಂದಲೇ. ಆ ದಂಡಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ, ಗಣಿತದ ಹುಚ್ಚಿದ್ದ ಒಬ್ಬ ಅಧಿಕಾರಿ ಇದ್ದ. ಯುದ್ಧ ಮುಗಿದ ಮೇಲೆ ಅವನು ಸರ್ಕಾರದ ಮುಂದಿಟ್ಟ ಯೋಜನೆಯೇ ಈ ಅಧ್ಯಾಯದ ವಿಷಯ.

ನೆಲ ಅಳೆಯುವುದು ಈ ಸೀಮೆಗೆ ಹೊಸದೇನಲ್ಲ. 1792ರಿಂದ ಅಲೆಕ್ಸಾಂಡರ್ ರೀಡ್, ಅವನ ಕೈಕೆಳಗೆ ಥಾಮಸ್ ಮನ್ರೊ ಮೊದಲಾದವರು ಬಾರಾಮಹಲಿನ ಹೊಲಗಳನ್ನು ಕಂದಾಯಕ್ಕಾಗಿ ಅಳೆಸಿದ್ದರು. ಜಾನ್ ಮ್ಯಾಥರ್ ಎಂಬ ಮೋಜಣಿದಾರ ಇಡೀ ಸೀಮೆಯ ನಕ್ಷೆ ಬರೆದಿದ್ದ. ಕಂದಾಯಕ್ಕೆ ಅಷ್ಟು ಸಾಕು. ಹೊಲದ ಬದುವಿನಲ್ಲಿ ಅರ್ಧ ಗಜ ಹೆಚ್ಚುಕಮ್ಮಿಯಾದರೆ ತೆರಿಗೆಯಲ್ಲಿ ಕಾಸಿನ ವ್ಯತ್ಯಾಸ. ಆದರೆ ಹಾಗೆ ಅಳೆದ ಊರನ್ನು ಊರಿಗೆ, ಸೀಮೆಯನ್ನು ಸೀಮೆಗೆ ಜೋಡಿಸುತ್ತ ಹೋದರೆ ಆ ಹೆಚ್ಚುಕಮ್ಮಿಗಳೂ ಜೋಡಣೆಯಾಗುತ್ತ ಹೋಗುತ್ತವೆ. ಮದ್ರಾಸಿನಿಂದ ಹೊರಟು ಮಂಗಳೂರು ಮುಟ್ಟುವ ಹೊತ್ತಿಗೆ ನಕ್ಷೆಯ ಕಡಲತೀರ ಎಲ್ಲಿಗೋ ಸರಿದಿರುತ್ತದೆ. ಎಷ್ಟು ಸರಿದಿದೆ ಎಂದು ಹೇಳಲು ನಕ್ಷೆ ಬರೆದವನಿಗೂ ಸಾಧ್ಯವಿಲ್ಲ. ಕಷ್ಟವಿರುವುದು ಇಲ್ಲೇ. ತಪ್ಪಿಲ್ಲದ ಅಳತೆ ಜಗತ್ತಿನಲ್ಲಿಲ್ಲ. ಎಷ್ಟು ತಪ್ಪಿರಬಹುದೆಂದು ಗೊತ್ತಿಲ್ಲದ ಅಳತೆಯನ್ನು ಮಾತ್ರ ಯಾವುದಕ್ಕೂ ನೆಚ್ಚಿಕೊಳ್ಳಲಾಗದು.

ಲ್ಯಾಂಬ್ಟನ್‌ನ ಉಪಾಯ ತ್ರಿಕೋನಗಳದ್ದು. ನೆಲದ ಮೇಲೆ ಒಂದೇ ಒಂದು ಗೆರೆಯನ್ನು ಪ್ರಾಣ ಒತ್ತೆಯಿಟ್ಟಷ್ಟು ಶ್ರದ್ಧೆಯಿಂದ ಅಳೆಯುವುದು. ಇದು ಆಧಾರರೇಖೆ. ಅದರ ಎರಡು ತುದಿಯಿಂದ ದೂರದ ಗುಡ್ಡವೊಂದನ್ನು ನೋಡಿ ಕೋನಗಳನ್ನು ಅಳೆದರೆ ಗುಡ್ಡದ ದೂರ ಲೆಕ್ಕದಲ್ಲೇ ಸಿಗುತ್ತದೆ. ಆ ಹೊಸ ಗೆರೆಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. 1800ರ ಕೊನೆಯಲ್ಲಿ ಬೆಂಗಳೂರಿನ ಹತ್ತಿರ ಒಂದು ಗೆರೆ ಅಳೆದು ಕೈ ಪಳಗಿಸಿಕೊಂಡ. ಇಂಗ್ಲೆಂಡಿನಿಂದ ಒಳ್ಳೆಯ ಉಪಕರಣಗಳು ಬಂದ ಮೇಲೆ 1802ರ ಏಪ್ರಿಲ್-ಮೇ ತಿಂಗಳಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಅಳೆದು, ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನ ಕಟ್ಟುತ್ತ ಘಟ್ಟ ಹತ್ತಿ ಬಂದ. ಸಾವನದುರ್ಗ, ತಳಿ-ದೆಂಕಣಿಕೋಟೆ ಸೀಮೆಯ ದೇವರಬೆಟ್ಟ, ಇಂಥ ನಮ್ಮ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ ಸೊಟ್ಟಗಾಗಿ ಅವನ ಪಟ್ಟಿಗಳಲ್ಲಿ ಕೂತಿವೆ.

1804ರಲ್ಲಿ ಅವನ ಸಹಾಯಕ ಜಾನ್ ವಾರನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕಿದ ಇನ್ನೊಂದು ರೇಖೆಯನ್ನು ಸರಪಳಿ ಹಾಕಿ ಅಳೆದ. ಅದಕ್ಕೆ ಎರಡು ವರ್ಷ ಮುಂಚೆ ಕೋಲಾರದ ಕಡೆ ಚಿನ್ನದ ಮಣ್ಣನ್ನು ಪತ್ತೆಹಚ್ಚಿದವನೂ ಇವನೇ. ಅದೇ ರೇಖೆಯ ಉದ್ದ ಮದ್ರಾಸಿನಿಂದ ಬಂದ ತ್ರಿಕೋನಗಳ ಲೆಕ್ಕದಿಂದಲೂ ಗೊತ್ತಾಗಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಬಂದ ವ್ಯತ್ಯಾಸ 3.7 ಇಂಚು, ಅಂದರೆ ಒಂಬತ್ತೂವರೆ ಸೆಂಟಿಮೀಟರಿಗೆ ಒಂದಿಷ್ಟು ಕಡಿಮೆ. ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು.

ಈ ಸಂಖ್ಯೆಯನ್ನು ಓದಿ ಬೆರಗಾಗುವುದು ಸಹಜ. ಆದರೆ ಮೆಚ್ಚಿ ಮುಂದೆ ಹೋಗುವ ಮೊದಲು ಇದನ್ನು ಬಿಚ್ಚಿ ನೋಡಬೇಕು.

ಮೊದಲು ಸರಪಳಿ. ಲ್ಯಾಂಬ್ಟನ್ ಬಳಸಿದ್ದು ಲಂಡನ್ನಿನ ರಾಮ್ಸ್‌ಡೆನ್ ಮಾಡಿದ ಉಕ್ಕಿನ ಸರಪಳಿ: ಎರಡೂವರೆ ಅಡಿಯ ನಲವತ್ತು ಕೊಂಡಿ, ಒಟ್ಟು ನೂರು ಅಡಿ. ಅದನ್ನು ನೆಲದ ಮೇಲೆ ಎಳೆಯುತ್ತಿರಲಿಲ್ಲ. ಮುಕ್ಕಾಲಿಗಳ ಮೇಲೆ ಮರದ ಉದ್ದನೆಯ ಪೆಟ್ಟಿಗೆಗಳನ್ನು ಸಾಲಾಗಿ ಕೂರಿಸಿ, ತಿರುಪು ತಿರುಗಿಸಿ ಮಟ್ಟ ಮಾಡಿ, ಸರಪಳಿಯನ್ನು ಅವುಗಳೊಳಗೆ ಮಲಗಿಸುತ್ತಿದ್ದರು. ಬಿಸಿಲು ತಾಗದಂತೆ ಡೇರೆ. ಪೆಟ್ಟಿಗೆಗಳಲ್ಲಿ ಉಷ್ಣಮಾಪಕಗಳು. ತುದಿಯನ್ನು ಗುರುತಿಸಿ, ಪೆಟ್ಟಿಗೆಗಳನ್ನೆಲ್ಲ ಎತ್ತಿ ಮುಂದಿಟ್ಟು, ಮತ್ತೆ ಮಟ್ಟ ಮಾಡಿ, ಮತ್ತೆ ನೂರು ಅಡಿ. ಹೀಗೆ ನಾನೂರು ಸಲ.

ಉಷ್ಣಮಾಪಕ ಯಾಕೆ ಬೇಕಿತ್ತು? ಉಕ್ಕು ಬಿಸಿಯಾದರೆ ಹಿಗ್ಗುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ನೂರು ಅಡಿಯ ಸರಪಳಿ ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಕಣ್ಣಿಗೆ ಏನೂ ಅನ್ನಿಸದು. ಆದರೆ ನಾನೂರು ಸರಪಳಿಗೆ ಅದು 1.4 ಮೀಟರ್. ಬೆಳಗಿನ ತಂಪಿಗೂ ಮಧ್ಯಾಹ್ನದ ಬೇಗೆಗೂ ಹತ್ತು ಡಿಗ್ರಿ ಅಂತರ ನಮ್ಮ ಸೀಮೆಯಲ್ಲಿ ಮಾಮೂಲು. ಆದ್ದರಿಂದ ಪ್ರತಿ ಸರಪಳಿಗೂ ಉಷ್ಣತೆಯನ್ನು ಬರೆದುಕೊಂಡು, ಎಲ್ಲವನ್ನೂ ಒಂದು ಗೊತ್ತಾದ ಉಷ್ಣತೆಗೆ ಇಳಿಸಿ ಲೆಕ್ಕ ಹಾಕಿದರು. ಸರಿಯೇ. ಆದರೆ ಉಷ್ಣಮಾಪಕ ತೋರಿಸುವುದು ಪೆಟ್ಟಿಗೆಯೊಳಗಿನ ಗಾಳಿಯ ಬಿಸಿಯನ್ನು, ಉಕ್ಕಿನ ಬಿಸಿಯನ್ನಲ್ಲ. ಹೊತ್ತೇರುವಾಗ ಗಾಳಿ ಬೇಗ ಕಾಯುತ್ತದೆ, ಉಕ್ಕು ಹಿಂದೆ ಬೀಳುತ್ತದೆ. ಆ ಅಂತರ ದಿನವೂ ಒಂದು ಡಿಗ್ರಿ ಇತ್ತೆಂದುಕೊಳ್ಳಿ. ರೇಖೆಯ ಉದ್ದದಲ್ಲಿ 14 ಸೆಂಟಿಮೀಟರ್ ತಪ್ಪು ಸೇರಿಕೊಂಡಿತು. ಒಟ್ಟು ವ್ಯತ್ಯಾಸವೇ ಒಂಬತ್ತೂವರೆ ಸೆಂಟಿಮೀಟರ್ ಇರುವಾಗ, ಡಿಗ್ರಿಯ ಮೂರರಲ್ಲಿ ಎರಡು ಪಾಲು ಬಿಸಿಯೇ ಅದನ್ನು ಪೂರ್ತಿ ನುಂಗಿಹಾಕುವಷ್ಟಾಯಿತು!

ಇನ್ನು ಕೋನಗಳು. ಲ್ಯಾಂಬ್ಟನ್‌ನ ಕೋನ ಅಳೆಯುವ ಯಂತ್ರ, ಅಂದರೆ ದೊಡ್ಡ ಥಿಯೊಡೊಲೈಟ್, ಅರ್ಧ ಟನ್ ತೂಗುತ್ತಿತ್ತು. ಅದರ ಅಡ್ಡ ವೃತ್ತದ ವ್ಯಾಸ ಮೂರು ಅಡಿ. ಒಂದು ಡಿಗ್ರಿಯಲ್ಲಿ 60 ಕಲೆ, ಒಂದು ಕಲೆಯಲ್ಲಿ 60 ವಿಕಲೆ. ಮೂರು ಅಡಿಯ ವೃತ್ತದ ಅಂಚಿನಲ್ಲಿ ಒಂದು ವಿಕಲೆ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು ಚಿಲ್ಲರೆ, ತಲೆಗೂದಲಿನ ದಪ್ಪವನ್ನು ಮೂವತ್ತಾಗಿ ಸೀಳಿದಷ್ಟು. ಅದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಓದಬೇಕು. ರಾಯಕೋಟೆಯ ಬೆಟ್ಟದ ಮೇಲೆ ಅಂಥ ಯಂತ್ರವಿಟ್ಟು 30 ಕಿಲೋಮೀಟರ್ ದೂರದ ಗುಡ್ಡದ ನೆತ್ತಿಯ ಬಾವುಟವನ್ನು ನೋಡಿದರೆ, ಓದುವಾಗ ಒಂದು ವಿಕಲೆ ತಪ್ಪಿದರೂ ಬಾವುಟ 15 ಸೆಂಟಿಮೀಟರ್ ಪಕ್ಕಕ್ಕೆ ಸರಿದಂತೆ. ಬಾವುಟವಾದರೂ ನೆಟ್ಟಗೆ ಕಾಣುತ್ತದೆಯೇ? ಕಾದ ಬಂಡೆಯಿಂದೆದ್ದ ಗಾಳಿಯಲ್ಲಿ ನಡುಗುತ್ತದೆ.

ಈ ನಡುಗುವಿಕೆಗೆ ಮದ್ದುಂಟು. ಒಂದು ಸಲ ಬಲಕ್ಕೆ ಕಂಡದ್ದು ಇನ್ನೊಂದು ಸಲ ಎಡಕ್ಕೆ ಕಾಣುತ್ತದೆ. ಹಲವು ಸಲ ಓದಿ ಸರಾಸರಿ ತೆಗೆದರೆ ಎಡಬಲಗಳು ಬಹುಮಟ್ಟಿಗೆ ಒಂದನ್ನೊಂದು ಕಳೆದುಹಾಕುತ್ತವೆ. ಎಷ್ಟರಮಟ್ಟಿಗೆ ಎಂಬುದಕ್ಕೂ ನಿಯಮವಿದೆ: ಒಂದೊಂದು ಓದಿನಲ್ಲಿ ನಾಲ್ಕು ವಿಕಲೆಯಷ್ಟು ಚದುರುವಿಕೆ ಇದ್ದರೆ, ಹದಿನಾರು ಓದಿನ ಸರಾಸರಿಯಲ್ಲಿ ಉಳಿಯುವುದು ಒಂದು ವಿಕಲೆ. ಅರ್ಧ ವಿಕಲೆಗೆ ಇಳಿಸಬೇಕಾದರೆ ಅರವತ್ತನಾಲ್ಕು ಓದು ಬೇಕು. ಹದಿನಾರರ ವರ್ಗಮೂಲ ನಾಲ್ಕು, ಅರವತ್ತನಾಲ್ಕರದು ಎಂಟು. ತಪ್ಪು ಅರ್ಧಕ್ಕಿಳಿಯಬೇಕಾದರೆ ದುಡಿಮೆ ನಾಲ್ಕು ಪಟ್ಟಾಗಬೇಕು.

ಇದು ಅತ್ತಿತ್ತ ಚದುರುವ ದೋಷದ ಮಾತು. ಸರಪಳಿಯ ಬಿಸಿಯದು ಬೇರೆ ಜಾತಿ. ಅದು ಯಾವಾಗಲೂ ಒಂದೇ ಕಡೆಗೆ ಎಳೆಯುತ್ತದೆ. ಉಕ್ಕು ಗಾಳಿಗಿಂತ ದಿನವೂ ತಂಪಾಗೇ ಇದ್ದರೆ, ಅದೇ ರೇಖೆಯನ್ನು ನೂರು ಸಲ ಅಳೆದರೂ ಅದೇ ತಪ್ಪು ನೂರು ಸಲ ಬರುತ್ತದೆ. ಸರಾಸರಿ ತೆಗೆದರೆ ತಪ್ಪೇನೂ ಕರಗುವುದಿಲ್ಲ. ಅಳೆದವನ ಆತ್ಮವಿಶ್ವಾಸ ಮಾತ್ರ ಬೆಳೆಯುತ್ತದೆ. ನೂರು ಓದುಗಳೂ ಹತ್ತಿರ ಹತ್ತಿರ ಬಂದವು, ಆದ್ದರಿಂದ ಉತ್ತರ ಸರಿ ಎಂದು ಯಾರಾದರೂ ವಾದಿಸಿದರೆ ನಾವು ಮೊದಲು ಕೇಳಬೇಕಾದದ್ದು, ಆ ನೂರಕ್ಕೂ ಸಮಾನವಾದದ್ದು ಏನಿತ್ತು ಎಂದು. ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಮೊದಲ ವರ್ಷದಲ್ಲೇ ಇದನ್ನು ಕಲಿಸಬೇಕು ಎಂಬುದು ನನ್ನ ಬಲವಾದ ನಂಬಿಕೆ. ವರ್ಗಮೂಲದ ಸೂತ್ರವನ್ನು ಕಲಿಸಿ ಅಲ್ಲಿಗೇ ನಿಲ್ಲಿಸುವುದರಿಂದ ಹಾನಿಯೇ ಹೆಚ್ಚು.

ಒಂದೇ ಕಡೆ ಎಳೆಯುವ ದೋಷವನ್ನು ಚದುರುವ ದೋಷವಾಗಿ ಮಾರ್ಪಡಿಸುವ ಒಂದು ಚಂದದ ಉಪಾಯವನ್ನು ಮೋಜಣಿದಾರರು ಕಂಡುಕೊಂಡರು. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಏರಿಸುವಾಗ ಹಗ್ಗ ಕೈಕೊಟ್ಟು ಲ್ಯಾಂಬ್ಟನ್‌ನ ಥಿಯೊಡೊಲೈಟ್ ಗೋಡೆಗೆ ಅಪ್ಪಳಿಸಿತು. ವೃತ್ತ ಸೊಟ್ಟಗಾಯಿತು. ಅವನು ವಾರಗಟ್ಟಲೆ ಕೂತು ಅದನ್ನು ತಟ್ಟಿ ಎಳೆದು ದುಂಡಗೆ ಮಾಡಿದ. ಆದರೂ ಸೊಟ್ಟಗಾದ ವೃತ್ತದ ಗೆರೆಗಳು ಎಲ್ಲ ಕಡೆಯೂ ಸಮವಾಗಿರುತ್ತವೆಯೇ? ಹಾಗಾಗಿ ಕೋನವನ್ನು ವೃತ್ತದ ಒಂದೇ ಭಾಗದಲ್ಲಿ ಓದದೆ, ಪ್ರತಿ ಸಲವೂ ವೃತ್ತವನ್ನು ಸ್ವಲ್ಪ ತಿರುಗಿಸಿ ಬೇರೆ ಬೇರೆ ಭಾಗದಲ್ಲಿ ಓದುವುದು. ಇಲ್ಲಿ ಗೆರೆ ಒತ್ತಾಗಿದ್ದರೆ ಅಲ್ಲಿ ವಿರಳ. ಯಂತ್ರದ ಸ್ಥಿರ ದೋಷ ಈಗ ಎಡಕ್ಕೂ ಬಲಕ್ಕೂ ಬೀಳತೊಡಗಿತು, ಸರಾಸರಿಯಲ್ಲಿ ಕರಗತೊಡಗಿತು. ಸರಪಳಿಯ ಬಿಸಿಗೂ ಮುಂದೆ ದಾರಿ ಸಿಕ್ಕಿತು. ಕಬ್ಬಿಣ, ಹಿತ್ತಾಳೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದನ್ನೇ ಬಳಸಿಕೊಂಡು, ತುದಿಯ ಚುಕ್ಕೆಗಳ ನಡುವಿನ ದೂರ ಬಿಸಿಗೆ ಜಗ್ಗದಂತೆ ಮಾಡಿದ ಹತ್ತು ಅಡಿಯ ಜೋಡಿ ಸರಳುಗಳನ್ನು ಕೋಲ್ಬಿ ಎಂಬವನು ರೂಪಿಸಿದ. 1868ರಲ್ಲಿ ಬೆಂಗಳೂರಿನ ಆಧಾರರೇಖೆಯನ್ನು ಇಂಥ ಸರಳುಗಳಿಂದಲೇ ಅಳೆದರು. ಅದರ ಒಂದು ತುದಿಯ ಗೋಪುರ ಕಣ್ಣೂರು ಗ್ರಾಮದಲ್ಲಿತ್ತು. 2024ರ ಮಳೆಗಾಲದಲ್ಲಿ ಅದು ಕುಸಿದುಬಿತ್ತು. ನಗರದ ಯಾವ ಅರಮನೆಗಿಂತಲೂ ಕಡಿಮೆಯಲ್ಲದ ಸ್ಮಾರಕ ಅದು, ಹಾಗೆ ಹೋಗಬಾರದಿತ್ತು.

ಮತ್ತೆ 3.7 ಇಂಚಿಗೆ ಬರೋಣ. ಎರಡು ಆಧಾರರೇಖೆಗಳು, ನಡುವೆ ಹತ್ತಾರು ಕೋನಗಳು, ಉಷ್ಣಮಾಪಕಗಳು, ಬಿಸಿಲು. ಇವುಗಳಲ್ಲಿ ಒಂದೊಂದೂ ಹತ್ತು ಹದಿನೈದು ಸೆಂಟಿಮೀಟರ್ ಅತ್ತಿತ್ತ ಮಾಡಬಲ್ಲಂಥವು. ಒಟ್ಟಿನಲ್ಲಿ ಬಂದದ್ದು ಒಂಬತ್ತೂವರೆ. ಲ್ಯಾಂಬ್ಟನ್‌ನ ಕೆಲಸ ಅಸಾಧಾರಣವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆಯೆಂದು ನನಗನ್ನಿಸುತ್ತದೆ. ಎಲ್ಲೋ ಕೂಡಿದ್ದು ಇನ್ನೆಲ್ಲೋ ಕಳೆದಿದೆ. ಇನ್ನೂ ಮುಖ್ಯವಾದ ಮಾತು: ಮದ್ರಾಸಿನ ರೇಖೆಗೂ ಬೆಂಗಳೂರಿನ ರೇಖೆಗೂ ಮೂಲ ಪ್ರಮಾಣ ಒಂದೇ. ನೂರು ಅಡಿ ಎಂದು ಒಪ್ಪಿಕೊಂಡದ್ದೇ ನಿಜವಾಗಿ ನೂರು ಅಡಿಗೆ ಕೂದಲೆಳೆಯಷ್ಟು ಕಡಿಮೆಯಿದ್ದಿದ್ದರೆ ಎರಡು ರೇಖೆಗಳೂ ಒಂದೇ ಪ್ರಮಾಣದಲ್ಲಿ ತಪ್ಪಿರುತ್ತಿದ್ದವು, ವ್ಯತ್ಯಾಸ ಮಾತ್ರ ಅಷ್ಟೇ ಚಿಕ್ಕದಾಗಿ ಕಾಣುತ್ತಿತ್ತು. ಎರಡು ದಾರಿಗಳಿಂದ ಒಂದೇ ಊರು ತಲುಪಿದೆವು ಎಂಬುದು ಒಳ್ಳೆಯ ಸಾಕ್ಷಿ. ಆದರೆ ಎರಡು ದಾರಿಗಳೂ ಒಂದೇ ಸೇತುವೆಯ ಮೇಲಿಂದ ಹಾದುಬಂದಿದ್ದರೆ ಆ ಸೇತುವೆಯ ಬಗ್ಗೆ ಈ ಸಾಕ್ಷಿ ಏನನ್ನೂ ಹೇಳದು.

ಇದಕ್ಕಿಂತ ಆಳದ ಅನಿಶ್ಚಿತತೆಯೊಂದು ಬೆಂಗಳೂರಿನಲ್ಲೇ ಲ್ಯಾಂಬ್ಟನ್‌ಗೆ ಎದುರಾಯಿತು. ಭೂಮಿಯ ಆಕಾರ ತಿಳಿಯುವುದು ಅವನ ದೊಡ್ಡ ಗುರಿ. ಅದಕ್ಕೆ ಉತ್ತರ ದಕ್ಷಿಣವಾಗಿ ನೆಲದ ದೂರ ಬೇಕು, ಜೊತೆಗೆ ನಕ್ಷತ್ರ ನೋಡಿ ಕಂಡುಕೊಂಡ ಅಕ್ಷಾಂಶವೂ ಬೇಕು. ಅಕ್ಷಾಂಶ ಅಳೆಯುವಾಗ ‘ನೆತ್ತಿ ಯಾವ ಕಡೆ’ ಎಂದು ತೋರಿಸುವುದು ತೂಗುಗುಂಡು, ನಮ್ಮ ಗಾರೆಕೆಲಸದವರು ಗೋಡೆಗೆ ಹಿಡಿಯುವಂಥದ್ದೇ. ಬೆಂಗಳೂರಿನ ಬಳಿಯ ದೊಡ್ಡಗುಂಟದಲ್ಲಿ ನಕ್ಷತ್ರ ನೋಡಿ ಬಂದ ಅಕ್ಷಾಂಶ, ದಕ್ಷಿಣ ಉತ್ತರದ ಬೇರೆ ನೆಲೆಗಳೊಂದಿಗೆ ಹೊಂದಿಕೊಳ್ಳಲಿಲ್ಲ. ಉಪಕರಣ ಸರಿಯಿತ್ತು, ನಕ್ಷತ್ರವೂ ಸರಿಯಿತ್ತು. ತೂಗುಗುಂಡೇ ನೆಟ್ಟಗಿಲ್ಲ, ನೆಲದಡಿಯ ಭಾರವಾದ ಬಂಡೆ ಅದನ್ನು ಪಕ್ಕಕ್ಕೆ ಎಳೆಯುತ್ತಿದೆ ಎಂದು ಅವನು ಅನುಮಾನಿಸಿದ. ನಮ್ಮ ಸೀಮೆಯ ನೆಲದಡಿ ಇರುವುದು ಒಂದೇ ಬಗೆಯ ಬಂಡೆಯಲ್ಲ ಎಂಬುದು ಈಗ ಚೆನ್ನಾಗಿ ಗೊತ್ತು. ಕೋಲಾರದ ಚಿನ್ನ ಹೊತ್ತ ಕರಿಬಂಡೆಯ ಪಟ್ಟಿ ಸುತ್ತಲಿನ ಬಿಳಿಗಲ್ಲಿಗಿಂತ ಸಾಂದ್ರವಾದದ್ದು; ಅದು ದಕ್ಷಿಣಕ್ಕೆ ಕೃಷ್ಣಗಿರಿಯ ಗಡಿಯವರೆಗೂ ಚಾಚಿದೆ.

ಇಲ್ಲಿ ತಪ್ಪಿದ್ದದ್ದು ಅಳತೆಯಲ್ಲಲ್ಲ. ‘ತೂಗುಗುಂಡು ಎಲ್ಲೆಡೆಯೂ ನಯವಾದ ಗೋಳದ ಮೇಲ್ಮೈಗೆ ಲಂಬವಾಗಿ ನಿಲ್ಲುತ್ತದೆ’ ಎಂಬ ನಂಬಿಕೆಯಲ್ಲಿ, ಅಂದರೆ ಲೆಕ್ಕದ ಮಾದರಿಯಲ್ಲಿ. ಒಂದು ವಿಕಲೆ ಅಕ್ಷಾಂಶ ನೆಲದ ಮೇಲೆ 31 ಮೀಟರ್. ಹೀಗಾಗಿ ಗುಂಡು ಐದು ವಿಕಲೆ ಓಲಿದರೂ ನೂರೈವತ್ತು ಮೀಟರಿನ ಗೊಂದಲ. ಸರಪಳಿಯ ಇಂಚುಗಳು ಇದರ ಮುಂದೆ ಯಾವ ಲೆಕ್ಕ? ಸುಮಾರು ಅದೇ ಕಾಲದಲ್ಲಿ, ಮೀಟರ್ ಎಂಬ ಮಾನವನ್ನು ನಿಗದಿ ಮಾಡಲು ಫ್ರಾನ್ಸಿನ ಮೆಶೆಂ ಬಾರ್ಸಿಲೋನಾದಲ್ಲಿ ಎರಡು ಕಡೆ ಅಕ್ಷಾಂಶ ಅಳೆದು, ಮೂರು ವಿಕಲೆಯ ವ್ಯತ್ಯಾಸ ಕಂಡು ಕಂಗೆಟ್ಟ. ತನ್ನದೇ ಕೈತಪ್ಪೆಂದು ತಿಳಿದು ಬದುಕಿರುವವರೆಗೂ ಅದನ್ನು ಬಚ್ಚಿಟ್ಟ. ಆ ಕೊರಗು ಸಾಯುವವರೆಗೂ ಅವನನ್ನು ಬಿಡಲಿಲ್ಲ. ಹೊಂದದೆ ಉಳಿದ ಸಂಖ್ಯೆಯನ್ನು ಬರೆದಿಡುವುದಕ್ಕೆ ಎದೆಗಾರಿಕೆ ಬೇಕು. ಬರೆದಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ ಮೋಜಣಿಯೇ ಉದಾಹರಣೆ. ಉತ್ತರದ ಕಲಿಯಾನಾ, ಮಧ್ಯಭಾರತದ ಕಲ್ಯಾಣಪುರ ಈ ಎರಡು ನೆಲೆಗಳ ನಡುವೆ ತ್ರಿಕೋನಗಳ ಲೆಕ್ಕಕ್ಕೂ ನಕ್ಷತ್ರಗಳ ಲೆಕ್ಕಕ್ಕೂ 5.236 ವಿಕಲೆ ವ್ಯತ್ಯಾಸ ಉಳಿದಿತ್ತು. ಹಿಮಾಲಯದ ಸೆಳೆತವೇ ಕಾರಣವಿರಬೇಕೆಂದು ಕಲ್ಕತ್ತೆಯ ಪಾದ್ರಿ ಪ್ರ್ಯಾಟ್ ಲೆಕ್ಕ ಹಾಕಿದರೆ ಬಂದದ್ದು 15.885 ವಿಕಲೆ, ಬೇಕಾದ್ದಕ್ಕಿಂತ ಮೂರು ಪಟ್ಟು. ಹಾಗಾದರೆ ಪರ್ವತದ ಬುಡದಲ್ಲಿ ಭಾರ ಕಡಿಮೆಯಿರಬೇಕು, ಬೆಟ್ಟ ಆಳದ ಹಗುರ ಬೇರಿನ ಮೇಲೆ ತೇಲುತ್ತಿರಬೇಕು ಎಂಬ ವಿಚಾರ 1855ರಲ್ಲಿ ಹುಟ್ಟಿದ್ದು ಈ ಉಳಿಕೆಯಿಂದ.

ಇವತ್ತಿನ ಮಾತಿಗೆ ಬಂದರೆ, ಮಾದರಿಗಳ ಅನಿಶ್ಚಿತತೆ ರಾಯಕೋಟೆಯ ರೈತನಿಗೆ ನೇರವಾಗಿ ತಾಗುವುದು ಮುಂಗಾರಿನ ಮುನ್ಸೂಚನೆಯಲ್ಲಿ. ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ದೇಶದ ಒಟ್ಟು ಮಳೆಯನ್ನು ದೀರ್ಘಕಾಲದ ಸರಾಸರಿಯಾದ 87 ಸೆಂಟಿಮೀಟರಿನ ಶೇಕಡಾವಾರಾಗಿ ಹೇಳುತ್ತದೆ. ಜೊತೆಗೆ ಮಾದರಿಯ ದೋಷ ಶೇಕಡಾ 5 ಆಚೆ ಈಚೆ ಎಂದೂ ಹೇಳುತ್ತದೆ. ಪತ್ರಿಕೆಯ ತಲೆಬರಹದಲ್ಲಿ ಆ ಐದು ಬಿದ್ದುಹೋಗುತ್ತದೆ. ಶೇಕಡಾ 96 ಎಂದಾಗ ಅದರ ಅರ್ಥ 91ರಿಂದ 101ರ ನಡುವೆ ಎಂದು. ಒಂದು ತುದಿಯಲ್ಲಿ ಮಳೆ ವಾಡಿಕೆಗಿಂತ ಕಡಿಮೆ, ಇನ್ನೊಂದು ತುದಿಯಲ್ಲಿ ವಾಡಿಕೆಯಷ್ಟು. ಅದೂ ಇಡೀ ದೇಶಕ್ಕೆ. ಒಂದು ಊರಿನ ಹೊಲಕ್ಕೆ ಆ ಐದು ಅನ್ವಯಿಸುವುದಿಲ್ಲ; ಅಲ್ಲಿನ ಹೆಚ್ಚುಕಮ್ಮಿ ಬಹಳ ದೊಡ್ಡದು. ಮಾದರಿಯನ್ನು ತುಸು ತುಸು ಬೇರೆಯಾದ ಆರಂಭಸ್ಥಿತಿಗಳಿಂದ ಹಲವು ಸಲ ಓಡಿಸಿ, ಉತ್ತರಗಳು ಎಷ್ಟು ಚದುರುತ್ತವೆ ಎಂದು ನೋಡುವುದು ಈಗಿನ ಕ್ರಮ. ಆದರೆ ಒಂದೇ ಮಾದರಿಯನ್ನು ಐವತ್ತು ಸಲ ಓಡಿಸುವುದು ಒಂದೇ ಸರಪಳಿಯಿಂದ ಐವತ್ತು ಸಲ ಅಳೆದಂತೆ. ಮೋಡ ಕಟ್ಟುವ ಬಗೆಯನ್ನು ಆ ಮಾದರಿ ತಪ್ಪಾಗಿ ತಿಳಿದಿದ್ದರೆ ಐವತ್ತರಲ್ಲೂ ಅದೇ ತಪ್ಪು. 2021ರಿಂದ ಇಲಾಖೆ ಹಲವು ಬೇರೆ ಬೇರೆ ಮಾದರಿಗಳ ಫಲಿತಾಂಶವನ್ನು ಸೇರಿಸಿ ಮುನ್ಸೂಚನೆ ಕೊಡತೊಡಗಿದ್ದು ಇದೇ ಕಾರಣಕ್ಕೆ.

ತೂಗುಗುಂಡಿನ ಸಮಸ್ಯೆಯೂ ಮುಗಿದಿಲ್ಲ. ಉಪಗ್ರಹಗಳ ನೆರವಿನಿಂದ ಈಗ ನೆಲದ ಮೇಲಿನ ಜಾಗವನ್ನು ಸೆಂಟಿಮೀಟರುಗಳಲ್ಲಿ ಹೇಳಬಹುದು. ಆದರೆ ರಾಯಕೋಟೆಯ ಬೆಟ್ಟದ ಮೇಲೆ ಉಪಗ್ರಹ ಸಂಕೇತದ ಉಪಕರಣವಿಟ್ಟು ಎತ್ತರ ಓದಿದರೆ, ಅದು ಸಮುದ್ರಮಟ್ಟದಿಂದ ಅಳೆದ ನಕ್ಷೆಯ ಎತ್ತರಕ್ಕಿಂತ 80 ಮೀಟರಿಗೂ ಹೆಚ್ಚು ತಗ್ಗಾಗಿ ಬರುತ್ತದೆ. ಉಪಗ್ರಹ ಅಳೆಯುವುದು ನಯವಾದ ಗಣಿತದ ಗೋಳದಿಂದ. ಸಮುದ್ರ ನಿಲ್ಲುವುದು ಗುರುತ್ವ ಎಳೆದ ಕಡೆ. ಶ್ರೀಲಂಕೆಯ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಎಷ್ಟು ದುರ್ಬಲವೆಂದರೆ ಅಲ್ಲಿ ಸಮುದ್ರದ ಮೇಲ್ಮೈ ಗಣಿತದ ಗೋಳಕ್ಕಿಂತ 106 ಮೀಟರ್ ತಗ್ಗಿದೆ. ದಕ್ಷಿಣ ಭಾರತವೆಲ್ಲ ಆ ತಗ್ಗಿನ ಅಂಚಿನಲ್ಲೇ ಇದೆ.

ಈ ತಗ್ಗು ಯಾಕಾಯಿತು ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್ 2023ರಲ್ಲಿ ಒಂದು ಉತ್ತರ ಕೊಟ್ಟರು. 14 ಕೋಟಿ ವರ್ಷಗಳಲ್ಲಿ ಭೂಮಿಯ ಒಡಲು ಹೇಗೆ ಹರಿದಿರಬಹುದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಒಂದು ಸಲ ಹಾಕಿ ಬಿಡಲಿಲ್ಲ. ಒಡಲಿನ ಬಂಡೆ ಎಷ್ಟು ಗಟ್ಟಿ, ಎಷ್ಟು ಬಿಸಿ, ಎಷ್ಟು ಸಾಂದ್ರ ಎಂಬುದು ಯಾರಿಗೂ ಖಚಿತವಾಗಿ ಗೊತ್ತಿಲ್ಲದ ಕಾರಣ ಆ ಬೆಲೆಗಳನ್ನು ಬದಲಿಸುತ್ತ 19 ಮಾದರಿಗಳನ್ನು ಓಡಿಸಿದರು. ಅವುಗಳಲ್ಲಿ 6 ಮಾತ್ರ ಇವತ್ತು ಕಾಣುವಂಥ ತಗ್ಗನ್ನು ಉಂಟುಮಾಡಿದವು. ಹೊಂದಿದ ಆರರಲ್ಲೂ ಸಮಾನವಾಗಿದ್ದದ್ದು, ಸಾಗರದಡಿಯಲ್ಲಿ ಆಫ್ರಿಕಾದ ಆಳದ ಬಿಸಿರಾಶಿಯಿಂದ ಎದ್ದ, ಹಗುರವಾದ ಬಿಸಿಬಂಡೆಯ ಏರುಹರಿವುಗಳು. ಹದಿಮೂರು ಮಾದರಿಗಳು ಸೋತದ್ದನ್ನೂ ಅವರು ಪ್ರಕಟಿಸಿದ್ದು ಈ ಕೆಲಸದ ಬೆಲೆಯನ್ನು ಹೆಚ್ಚಿಸುತ್ತದೆ. ಯಾವ ಊಹೆಗೆ ಉತ್ತರ ಎಷ್ಟು ಜಗ್ಗುತ್ತದೆ ಎಂಬುದು ಗೊತ್ತಾಗುವುದು ಸೋತವುಗಳಿಂದಲೇ.

ಆದರೂ ಹತ್ತೊಂಬತ್ತು ಮಾದರಿಗಳೂ ಒಂದೇ ಬಗೆಯ ಲೆಕ್ಕದ ಮಕ್ಕಳು. ಆ ಏರುಹರಿವುಗಳು ಅಲ್ಲಿ ನಿಜಕ್ಕೂ ಇವೆ ಎನ್ನಲು ಭೂಕಂಪದ ಅಲೆಗಳಿಂದ ಸ್ಪಷ್ಟ ಪುರಾವೆ ಸಿಕ್ಕಿಲ್ಲ ಎಂದು ಕೆಲವು ವಿಜ್ಞಾನಿಗಳು ಆಕ್ಷೇಪಿಸಿದರು. ನ್ಯಾಯವಾದ ಆಕ್ಷೇಪ. ಬಿಸಿಬಂಡೆಯಲ್ಲಿ ಭೂಕಂಪದ ಅಲೆ ನಿಧಾನವಾಗಿ ಸಾಗುತ್ತದೆ. ಸಾಗರತಳಕ್ಕೆ ಭೂಕಂಪಮಾಪಕಗಳನ್ನು ಇಳಿಸಿ, ದೂರದ ಕಂಪನಗಳು ತಗ್ಗಿನಡಿಯಿಂದ ಹಾದುಬರಲು ಎಷ್ಟು ಸೆಕೆಂಡು ತಡಮಾಡುತ್ತವೆ ಎಂದು ನೋಡಬೇಕು. ಮಾದರಿಗಳು ಬಿಸಿಬಂಡೆಯಿದೆ ಎನ್ನುವುದು 300ರಿಂದ 900 ಕಿಲೋಮೀಟರ್ ಆಳದಲ್ಲಿ. ಅಲೆಗಳು ತಡಮಾಡಬೇಕಾದದ್ದೂ ಅಲ್ಲಿಯೇ.